ಜರ್ಮನಿಯ ಚರ್ಚಿನ ಹಾಗೆ ಕಾರವಾರದಲ್ಲಿ ಮಳೆಗಾಲದ ಊಟ: ದುಡ್ಡು ತಗೊಳ್ಳಬೇಕಾ, ಬೇಡ್ವಾ?

ಕೋಡಿಬಾಗದವ:
ನಮ್ಮ ಅಕ್ಕ ಸ್ಟುಟ್‌ಗಾರ್ಟ್‌ನಲ್ಲಿದ್ದಾಳೆ. ಚಳಿಗಾಲದಲ್ಲಿ ಅಲ್ಲಿನ ಲಿಯೋನ್‌ಹಾರ್ಡ್ ಚರ್ಚಿಗೆ ಬಡಿಸಲು ಹೋಗುತ್ತಾಳೆ. ಲೂಥರನ್ ಚರ್ಚು, 15ನೇ ಶತಮಾನದ ಕಲ್ಲಿನ ಕಟ್ಟಡ. 1995ರಿಂದ ಪ್ರತಿ ವರ್ಷ ಜನವರಿಯಲ್ಲಿ ಶುರುಮಾಡಿ ಸುಮಾರು ಏಳು ವಾರ ಚರ್ಚಿನ ಒಳಗೇ ಮೇಜು ಹಾಕಿ ಬಿಸಿ ಊಟ ಕೊಡುತ್ತಾರೆ, ಮನೆ ಇಲ್ಲದವರು, ಪಿಂಚಣಿ ಸಾಲದ ಮುದುಕರು, ಸುಮ್ನೆ ಒಬ್ಬರೇ ಇದ್ದು ಬೇಜಾರಾಗಿ ಬರುವವರು ಎಲ್ಲಾ ಒಂದೇ ಮೇಜಿಗೆ. ಡಾಕ್ಟರ್ ಇರುತ್ತಾರೆ, ಕೂದಲು ಕತ್ತರಿಸುವವರೂ ಇರುತ್ತಾರೆ. ಆದರೆ ಊಟಕ್ಕೆ ಚಿಲ್ಲರೆ ದುಡ್ಡು ಕೊಡಬೇಕಂತೆ.

ನಮ್ಮಲ್ಲಿ ಕಷ್ಟ ಮಳೆಗಾಲಕ್ಕೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಬೈತಖೋಲ ಬಂದರಿನಲ್ಲಿ ಬುಟ್ಟಿ ಹೊರುವವರಿಗೆ, ಮೀನು ಮಾರುವ ಹೆಂಗಸರಿಗೆ ಕೈ ಖಾಲಿ. ನಾವು ಎಂಟು ಜನ ಸೇರಿ ಮಧ್ಯಾಹ್ನದ ಊಟ ಹಾಕೋಣ ಅಂತಿದ್ದೇವೆ. ದುಡ್ಡು ತಗೊಂಡರೆ ಜನ ಬಯ್ಯುತ್ತಾರಾ?

ಕಾಳಿ_ದಂಡೆಯವಳು:
ತಗೊಳ್ಳಿ. 2019ರಲ್ಲಿ ಕಾಳಿ ನದಿಗೆ ನೆರೆ ಬಂದಾಗ ಒಂದು ಗಂಜಿ ಕೇಂದ್ರದಲ್ಲಿ ಬಡಿಸುತ್ತಿದ್ದೆ. ಮೀನು ಮಾರುವ ಅಮ್ಮ ಒಬ್ಬರು ಸಾಲಿಗೆ ಬರಲೇ ಇಲ್ಲ. ಹಿಂದಿನ ಬಾಗಿಲಿಗೆ ಬಂದು, ಸೆರಗಿನಡಿಯಿಂದ ಸ್ಟೀಲ್ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟು, ಆ ಕಡೆ ಮುಖ ಮಾಡಿ ನಿಂತರು. ಮುಂದುಗಡೆ ಯಾರೋ ಫೋಟೊ ತೆಗೆಯುತ್ತಿದ್ದರು. ನಾಳೆ ಅದೇ ಜನರಿಗೆ ಬಂಗಡೆ ಮಾರಬೇಕಲ್ವಾ ಅವರು? ಇಂದಿರಾ ಕ್ಯಾಂಟೀನಿನಲ್ಲಿ 10 ರೂಪಾಯಿ ಕೊಟ್ಟು ಉಣ್ಣುವವರು ಯಾರೂ ಹೀಗೆ ಮುಖ ತಿರುಗಿಸುವುದಿಲ್ಲ.

ಶಿರಸಿ_ಭಟ್ಟ:
ಸ್ವಲ್ಪ ವಿಷಯ ಬಿಟ್ಟು ಹೇಳುತ್ತೇನೆ. ಸ್ಟುಟ್‌ಗಾರ್ಟ್ ಅಂದರೆ ಮಲಯಾಳಂ ನಿಘಂಟು ಬರೆದ ಪಾದ್ರಿ ಗುಂಡರ್ಟ್ ಹುಟ್ಟಿದ ಊರು. 1834ರಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಎಷ್ಟೋ ಪಾದ್ರಿಗಳು ಆ ಸೀಮೆಯವರೇ, 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ತಂದ ಮೋಗ್ಲಿಂಗ್ ಕೂಡ. ಮಂಗಳೂರು ಹೆಂಚೂ ಅವರ ಕಾರ್ಖಾನೆಯಿಂದಲೇ ಶುರುವಾಗಿದ್ದು. ಇರಲಿ, ದುಡ್ಡು ಮಾತ್ರ ಬೇಡ. ದೇವಸ್ಥಾನದಲ್ಲಿ ಎಲ್ಲರೂ ಪುಕ್ಕಟೆಯೇ ಉಣ್ಣುತ್ತಾರೆ, ಯಾರಿಗೆ ನಾಚಿಕೆ?

ಕಾಳಿ_ದಂಡೆಯವಳು:
ಭಟ್ರೇ, ಅಲ್ಲಿ ಇದ್ದವರೂ ಇಲ್ಲದವರೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ, ಅದಕ್ಕೇ ನಾಚಿಕೆ ಇಲ್ಲ. ಇಲ್ಲಿಗೆ ನೀವು ಬಂದು ಕೂರುತ್ತೀರಾ?

ಶಿರಸಿ_ಭಟ್ಟ:
ಮೀನು ಸಾರು ಇಲ್ಲದ ದಿನ ಹೇಳಿ, ಬರುತ್ತೇನೆ.

ಕೋಡಿಬಾಗದವ:
ಸರಿ, ಮೊದಲ ದಿನ ಕುಚಲಕ್ಕಿ ಅನ್ನ, ದಾಳಿ ತೋಯ್ (ಕೊಂಕಣಿಯವರ ಬೇಳೆ ಸಾರು). ಬಾಗಿಲ ಹತ್ತಿರ ಡಬ್ಬಿ ಇಡುತ್ತೇವೆ, 10 ರೂಪಾಯಿ ಅಂತ ಬರೆದು. ಹಾಕಿದರೋ ಬಿಟ್ಟರೋ ನೋಡಲು ಯಾರೂ ನಿಲ್ಲುವುದಿಲ್ಲ. ನಾವೆಂಟು ಜನವೂ ದುಡ್ಡು ಹಾಕಿ ಅವರ ಜೊತೆಗೇ ಉಣ್ಣುತ್ತೇವೆ. ಫೋಟೊ ಇಲ್ಲ. ಈಗ ಅನ್ನಕ್ಕೆ ದೊಡ್ಡ ಕೊಪ್ಪರಿಗೆ ಬೇಕು, ಎರಡು ತಿಂಗಳ ಮಟ್ಟಿಗೆ ಯಾರು ಕೊಡುತ್ತೀರಿ?