ಮಗಳ ಮುಟ್ಟಿನ ನೋವಿಗೆ ವ್ಯಾಯಾಮದಿಂದ ಯಾರಿಗಾದರೂ ಉಪಯೋಗ ಆಗಿದೆಯಾ?

ಮಗಳಿಗೆ 14 ವರ್ಷ. ಮುಟ್ಟು ಶುರುವಾಗಿ ಎರಡು ವರ್ಷ ಆಯಿತು. ಮೊದಲ ವರ್ಷ ಏನೂ ತೊಂದರೆ ಇರಲಿಲ್ಲ. ಈಗ ಪ್ರತಿ ತಿಂಗಳು ಮೊದಲ ದಿನ ಹೊಟ್ಟೆ ಹಿಡಿದುಕೊಂಡು ಮುದುರಿ ಮಲಗುತ್ತಾಳೆ. ವ್ಯಾಯಾಮ ಮಾಡಿಸಿ ಅಂತ ಎಲ್ಲರೂ ಹೇಳುತ್ತಾರೆ, ಯಾವಾಗ, ಎಷ್ಟು ಅಂತ ಯಾರೂ ಹೇಳುವುದಿಲ್ಲ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಉತ್ತರ 1
ನನ್ನ ಮಗಳಿಗೂ ಹೀಗೇ ಆಗುತ್ತಿತ್ತು. ನಾನು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ. ನೋವು ಬಂದ ದಿನವೇ ಅವಳನ್ನು ಎಬ್ಬಿಸಿ, ಓಡಾಡು ಸರಿಹೋಗುತ್ತೆ ಅಂತ ಬಲವಂತ ಮಾಡುತ್ತಿದ್ದೆ. ಅವಳು ಅಳುತ್ತಿದ್ದಳು, ವ್ಯಾಯಾಮ ಅಂದರೇ ಸಿಟ್ಟು ಬರುವಂತಾಯಿತು. ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ಹುಟ್ಟುತ್ತದೆ, ಅದು ಗರ್ಭಕೋಶವನ್ನು ಹಿಂಡುತ್ತದೆ, ಹಿಂಡಿದಾಗ ಅಲ್ಲಿಗೆ ರಕ್ತ ಹರಿಯುವುದು ಕಡಿಮೆಯಾಗಿ ನೋವು ಬರುತ್ತದೆ. ಮೊದಮೊದಲು ಎಷ್ಟೋ ತಿಂಗಳು ಅಂಡ ಬಿಡುಗಡೆಯಾಗದೆಯೇ ಮುಟ್ಟಾಗುತ್ತದೆ, ಅದಕ್ಕೇ ಮೊದಲ ವರ್ಷ ನೋವು ಅಷ್ಟಾಗಿ ಕಾಣುವುದಿಲ್ಲವಂತೆ. ನಿಮ್ಮ ಮಗಳಿಗೂ ಹಾಗೇ ಆಗಿರಬಹುದು.

ನಮಗೆ ಉಪಯೋಗವಾಗಿದ್ದು ತಿಂಗಳು ಪೂರ್ತಿ ಮಾಡಿದ ವ್ಯಾಯಾಮ. ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೆ ಮುಕ್ಕಾಲು ಗಂಟೆ. ಒಂದು ದಿನ ಬಿರುಸಿನ ನಡಿಗೆ, ಒಂದು ದಿನ ಸ್ಕಿಪ್ಪಿಂಗ್, ಇನ್ನೊಂದು ದಿನ ಅವಳಿಗೆ ಇಷ್ಟವಾದ ಡ್ಯಾನ್ಸ್. ಮೊದಲ ತಿಂಗಳು ಏನೂ ವ್ಯತ್ಯಾಸ ಗೊತ್ತಾಗಲಿಲ್ಲ, ಬಿಟ್ಟುಬಿಡೋಣ ಅಂತಲೂ ಅನಿಸಿತ್ತು. ಮೂರನೇ ತಿಂಗಳಲ್ಲಿ ಮೊದಲ ದಿನವೂ ಎದ್ದು ಕೂತು ಓದುತ್ತಿದ್ದಳು. ನೋವು ಪೂರ್ತಿ ಹೋಗಿಲ್ಲ, ಆದರೆ ತಡೆದುಕೊಳ್ಳುವಷ್ಟಕ್ಕೆ ಇಳಿದಿದೆ.

ಉತ್ತರ 2
ನನಗೆ 18 ವರ್ಷ, ನನ್ನದೇ ಅನುಭವ ಹೇಳುತ್ತೇನೆ. ನೋವಿರುವ ದಿನ ಓಡುವುದು, ಜಿಗಿಯುವುದು ನನ್ನಿಂದ ಆಗುವುದೇ ಇಲ್ಲ. ಆದರೆ ಸುಮ್ನೆ ಮಲಗಿದರೆ ಗಮನವೆಲ್ಲ ನೋವಿನ ಮೇಲೇ ಇರುತ್ತದೆ. ಅದಕ್ಕೆ ಹಾಟ್ ವಾಟರ್ ಬ್ಯಾಗನ್ನು ಬಟ್ಟೆಯಲ್ಲಿ ಸುತ್ತಿ ಕಿಬ್ಬೊಟ್ಟೆಯ ಮೇಲೆ ಹದಿನೈದು ನಿಮಿಷ ಇಟ್ಟುಕೊಳ್ಳುತ್ತೇನೆ, ಸ್ವಲ್ಪ ಸಡಿಲವಾದ ಮೇಲೆ ಮಂಡಿಯೂರಿ ಮುಂದಕ್ಕೆ ಬಾಗಿ ಹಣೆಯನ್ನು ನೆಲಕ್ಕೆ ತಾಗಿಸಿ ನಿಧಾನವಾಗಿ ಉಸಿರಾಡುತ್ತೇನೆ. ನಂತರ ಕೈ ಮತ್ತು ಮಂಡಿ ಊರಿ ಬೆನ್ನನ್ನು ಮೇಲೆ ಕೆಳಗೆ ಮಾಡುವ ಮಾರ್ಜಾಲಾಸನ. ಹತ್ತು ನಿಮಿಷ ಸಾಕು. ಸೊಂಟದ ಹಿಡಿತ ಬೇಗ ಬಿಡುತ್ತದೆ.

ಇನ್ನೊಂದು ಮಾತು. ಪ್ಯಾಡ್ ಸೋರುತ್ತದೆ ಅನ್ನುವ ಭಯದಿಂದಲೇ ಎಷ್ಟೋ ಹುಡುಗಿಯರು ಆಟಕ್ಕೆ ಹೋಗುವುದಿಲ್ಲ. ಅಮ್ಮಂದಿರು ಇದನ್ನು ಒಮ್ಮೆ ಕೇಳಿ ನೋಡಿ. ನನ್ನನ್ನು ಯಾರೂ ಕೇಳಿರಲಿಲ್ಲ.

ಉತ್ತರ 3
ವ್ಯಾಯಾಮ ಒಳ್ಳೆಯದೇ. ಈ ವಿಷಯದ ಪ್ರಯೋಗಗಳನ್ನೆಲ್ಲ ಸೇರಿಸಿ ನೋಡಿದ ಕೊಕ್ರೇನ್ ಅನ್ನುವ ಸಂಸ್ಥೆಯ 2019ರ ಪರಿಶೀಲನೆಯಲ್ಲೂ ವಾರಕ್ಕೆ ಮೂರು ಸಲ, 45ರಿಂದ 60 ನಿಮಿಷ ಮಾಡಿದವರಿಗೆ ನೋವು ಗಣನೀಯವಾಗಿ ಕಡಿಮೆಯಾಗಿರಬಹುದು ಅಂತಿದೆ, ಆದರೆ ಪುರಾವೆ ಅಷ್ಟು ಗಟ್ಟಿಯಿಲ್ಲ ಅಂತಲೂ ಅಲ್ಲೇ ಹೇಳಿದ್ದಾರೆ. ಹಾಗಾಗಿ ವ್ಯಾಯಾಮ ಮಾಡುತ್ತಿದ್ದಾಳೆ ಅಂತ ಮಾತ್ರೆ ಕೊಡದೆ ನರಳಲು ಬಿಡಬೇಡಿ. ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್ ತರಹದ ಮಾತ್ರೆಗಳು ಆ ಪ್ರೊಸ್ಟಾಗ್ಲಾಂಡಿನ್ ಹುಟ್ಟುವುದನ್ನೇ ತಡೆಯುತ್ತವೆ. ನೋವು ಶುರುವಾದ ಕೂಡಲೇ, ಊಟದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತವೆ. ಎಷ್ಟು ಕೊಡಬೇಕು ಅಂತ ಡಾಕ್ಟರನ್ನೇ ಕೇಳಿ. ಅಸ್ತಮಾ, ಕಿಡ್ನಿ ತೊಂದರೆ ಅಥವಾ ಹೊಟ್ಟೆ ಹುಣ್ಣು ಇದ್ದರೆ ಅದನ್ನೂ ಹೇಳಿ.

ನಮ್ಮ ಅಕ್ಕನ ಮಗಳಿಗೆ ಎಂಡೊಮೆಟ್ರಿಯೋಸಿಸ್ ಇತ್ತು, ಅಂದರೆ ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೂ ಬೆಳೆಯುವ ಕಾಯಿಲೆ. ಗೊತ್ತಾಗುವಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ಹೆಣ್ಣು ಅಂದಮೇಲೆ ಇದೆಲ್ಲ ಇದ್ದಿದ್ದೇ ಅಂತ ಎಲ್ಲರೂ ಹೇಳುತ್ತಾ ಬಂದರು, ನಾನೂ ಹೇಳಿದ್ದೆ, ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಮಾತ್ರೆ ತೆಗೆದುಕೊಂಡರೂ ಮೂರ್ನಾಲ್ಕು ತಿಂಗಳು ನೋವು ಇಳಿಯದಿದ್ದರೆ, ಪ್ರತಿ ತಿಂಗಳು ಶಾಲೆ ತಪ್ಪುತ್ತಿದ್ದರೆ, ಮುಟ್ಟಿಲ್ಲದ ದಿನಗಳಲ್ಲೂ ನೋವಿದ್ದರೆ, ಗಂಟೆಗೊಂದು ಪ್ಯಾಡ್ ತೋಯುತ್ತಿದ್ದರೆ ತಡ ಮಾಡದೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ನೋವು ಯಾವ ದಿನ ಬಂತು, ಎಷ್ಟು ಹೊತ್ತು ಇತ್ತು, ಏನು ಮಾಡಿದಾಗ ಇಳಿಯಿತು ಅಂತ ಮಗಳೇ ಒಂದು ಪುಸ್ತಕದಲ್ಲಿ ಬರೆದಿಡಲಿ. ಅಲ್ಲಿ ಹೋದಾಗ ಅವಳು ಬಾಯಿಬಿಟ್ಟು ಹೇಳಲು ನಾಚಿಕೊಂಡರೂ ಅದನ್ನು ತೋರಿಸಬಹುದು.