ನಾಯಿಯ ಕಿವಿ ಹಿಂದಿನ ಕೂದಲ ಗಂಟು ಬಿಡಿಸುವುದು ಹೇಗೆ? ಸಹಾಯ ಬೇಕು

ನಮ್ಮ ಶಿಟ್ಜು ನಾಯಿಗೆ ಮನೆಯಲ್ಲೇ ಕೂದಲು ಬಾಚುತ್ತೇನೆ. ಬೆನ್ನ ಮೇಲೆಲ್ಲಾ ಚೆನ್ನಾಗಿದೆ. ಕಿವಿ ಹಿಂದೆ, ಮುಂಗಾಲಿನ ಸಂದಿಯಲ್ಲಿ ಮಾತ್ರ ಕೂದಲು ಜಡೆಗಟ್ಟಿದೆ. ಸ್ನಾನ ಮಾಡಿಸಿದರೆ ಸಡಿಲ ಆಗುತ್ತದೆ ಅಂದುಕೊಂಡೆ. ಅದೇ ತಪ್ಪಾಯ್ತು. ನೆನೆದು ಒಣಗಿದ ಮೇಲೆ ಗಂಟು ಇನ್ನೂ ಬಿಗಿಯಾಯಿತು.

ಗಂಟು ಬಿಡಿಸುವ ಸ್ಪ್ರೇ ಹಾಕಿ, ಬುಡ ಹಿಡಿದುಕೊಂಡು ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿದೆ. ಸಣ್ಣವು ಬಿಟ್ಟವು. ಕಿವಿ ಹಿಂದಿನದು ಚರ್ಮಕ್ಕೇ ಅಂಟಿದೆ, ಬಾಚಣಿಗೆ ಹಲ್ಲು ಒಳಗೆ ಹೋಗುತ್ತಲೇ ಇಲ್ಲ. ಮುಟ್ಟಿದರೆ ಗುರ್ ಅನ್ನುತ್ತಾನೆ, ಪಾಪ. ಕತ್ತರಿ ಹಾಕಲು ಭಯ, ಅಲ್ಲಿ ಚರ್ಮ ತುಂಬಾ ತೆಳು ಅಲ್ವಾ.

ಟ್ರಿಮ್ಮರ್‌ಗೆ 10ನೇ ನಂಬರ್ ಬ್ಲೇಡ್ (ಕೂದಲನ್ನು ತೀರಾ ಗಿಡ್ಡಕ್ಕೆ ಕತ್ತರಿಸುವುದು) ಹಾಕಿ ಗಂಟಿನ ಅಡಿಯಿಂದ ಬೋಳಿಸಿಬಿಡಲೇ? ಅಥವಾ ಬೋಳಿಸದೆ ಬಿಡಿಸುವ ದಾರಿ ಇದೆಯೇ? ಮಾಡಿ ನೋಡಿದವರು ಹೇಳಿ.