ಕಾಕು, ಎಸಿಗೆ ಗ್ಯಾಸ್ ತುಂಬ್ಸೂಕಿಂತ ಮೊದಲ ಇದನ್ನ ಕೇಳ್ರಿ

ಕಾಕು, ನಮಸ್ಕಾರ ರೀ. ಮುಂಜಾನಿ ಗ್ರೂಪಿನಾಗ ನೀವು ಹಾಕಿದ್ದು ಈಗ ನೋಡಿದೆ. ಏಪ್ರಿಲ್ ಬಂತಂದ್ರ ನಮ್ಮ ಎಸಿ ರಿಪೇರಿ ಮಂದಿಗೆ ಫೋನ್ ನೋಡ್ಲಿಕ್ಕೂ ಪುರುಸೊತ್ತು ಇರಂಗಿಲ್ಲ, ನಿಮಗ ಗೊತ್ತೇ ಅದ. ಟೈಪ್ ಮಾಡ್ಕೋತ ಕೂತ್ರ ಇವತ್ತು ಮುಗಿಯಂಗಿಲ್ಲ, ಅದಕ್ಕ ಮಾತಾಡೇ ಕಳಸ್ತೀನಿ. ಉದ್ದ ಆಗ್ತದ, ರೊಟ್ಟಿ ಬಡ್ಕೋತ ಕೇಳ್ರಿ.

ಎಸಿ ತಂಪ ಮಾಡವಲ್ದು, ಮೆಕ್ಯಾನಿಕ್ ಬಂದು ‘ಗ್ಯಾಸ್ ಮುಗದದ, ಪ್ರತಿ ವರ್ಷ ತುಂಬಸಬೇಕಾಗ್ತದ, 3,500 ರೂಪಾಯಿ’ ಅಂದಾನ, ಹೋದ ಬ್ಯಾಸಗಿಗೂ ಅವನೇ ತುಂಬಿ ಹೋಗಿದ್ದ, ಹೌದಿಲ್ರಿ? ನಾ ಒಂದ ಕೇಳ್ತೀನಿ. ನಿಮ್ಮ ಅಡಿಗಿಮನಿ ಫ್ರಿಜ್ ಎಷ್ಟು ವರ್ಷದ್ದು? ತಂಗಿ ಸಾಲಿಗೆ ಹೋಗೂ ಮುಂದಿನಿಂದ ಅದೇ ಅದ. ಅದಕ್ಕ ಯಾವಾಗರ ಗ್ಯಾಸ್ ತುಂಬಿಸೀರೇನು? ಇಲ್ಲ. ಎಸಿನೂ ಅದೇ ಜಾತಿ ಮಷಿನ್ನೇ. ಗ್ಯಾಸು ಮುಚ್ಚಿದ ತಾಮ್ರದ ಪೈಪಿನಾಗ ಸುತ್ತತಾ ಇರ್ತದ. ಒಳಗ ಬಂದಾಗ ಕುದ್ದು ರೂಮಿನ ಶಾಖಾ ಹೀರ್ಕೋತದ, ಹೊರಗಿನ ಪೆಟ್ಟಿಗ್ಯಾಗ ಕಂಪ್ರೆಸರ್ ಅದನ್ನ ಒತ್ತಿ ಬಿಸಿ ಮಾಡ್ತದ, ಫ್ಯಾನ್ ಆ ಬಿಸಿ ಹೊರಗ ಚೆಲ್ತದ, ಗ್ಯಾಸು ಮತ್ತ ನೀರಿನಂಗ ದ್ರವ ಆಗಿ ಒಳಗ ಬರ್ತದ. ಸಿಲಿಂಡರಿನ ಗ್ಯಾಸಿನಂಗ ಉರದು ಖಾಲಿ ಆಗೂದಲ್ಲ. ಕಡಿಮಿ ಆಗ್ಯದ ಅಂದ್ರ ಎಲ್ಲೋ ಸೋರ್ಲಿಕತ್ತದ. ಸೋರೂದು ಹುಡುಕದ ತುಂಬಿದ್ರ ಮುಂದಿನ ಏಪ್ರಿಲ್‌ಗೆ ಮತ್ತ ಅವನಿಗೇ ಫೋನ್ ಮಾಡ್ತೀರಿ. ಅವನಿಗೂ ಅದೇ ಬೇಕಾಗಿರ್ತದ ಅಂತ ನಾ ಅನ್ನಂಗಿಲ್ಲ, ಆದ್ರ ಬ್ಯಾಸಗ್ಯಾಗ ದಿನಕ್ಕ ಹತ್ತು ಮನಿ ಓಡಾಡೂ ಹುಡುಗ್ರಿಗೆ ಲೀಕೇಜ್ ಹುಡುಕ್ಕೋತ ಕೂಡೂಕಿಂತ ತುಂಬಿ ಹೋಗೂದು ಹಗುರ.

ಹಂಗಂತ ಗ್ಯಾಸು ಖರೇನೇ ಕಡಿಮಿ ಆಗಿರಬಾರದು ಅಂತಿಲ್ಲ. ನೀವೇ ನೋಡಬಹುದು. ಎಸಿ ಹಚ್ಚಿ ಹದಿನೈದು ನಿಮಿಷ ಬಿಟ್ಟು ಹೊರಗಿನ ಪೆಟ್ಟಿಗಿ ಹತ್ರ ಹೋಗ್ರಿ. ಎರಡು ತಾಮ್ರದ ಪೈಪು ಬಂದು ಕೂಡೂ ಜಾಗದಾಗ ಹಿತ್ತಾಳಿ ನಟ್ ಅವ. ದಪ್ಪ ಪೈಪು ಮುಟ್ಟಿದ್ರ ತಣ್ಣಗ ಇರಬೇಕು. ಸಣ್ಣ ಪೈಪಿನ ಮ್ಯಾಲ ಬೆಳ್ಳಗ ಬರ್ಫ್ ಕಟ್ಟಿ, ದಪ್ಪದ್ದು ಬೆಚ್ಚಗಿದ್ರ ಗ್ಯಾಸ್ ಕಡಿಮಿ ಅಂತ ಸಂಶಯ ಪಡ್ರಿ. ಆಮ್ಯಾಲ ಆ ನಟ್ ಸುತ್ತ ನೋಡ್ರಿ. ಜಿಡ್ಡ ಜಿಡ್ಡ ಆಗಿ ಅದರ ಮ್ಯಾಲ ಕರೇ ಧೂಳ ಅಂಟಿದ್ರ ಅಲ್ಲೇ ಸೋರ್ತಿರ್ತದ. ಗ್ಯಾಸಿನ ಜೊತಿ ಕಂಪ್ರೆಸರಿನ ಎಣ್ಣಿನೂ ತಿರಗ್ತಿರ್ತದ್ರಿ, ಗ್ಯಾಸು ಹಾರಿ ಹೋಗ್ತದ, ಎಣ್ಣಿ ಗುರುತು ಬಿಟ್ಟು ಹೋಗ್ತದ. ಸಾಬೂನಿನ ನೊರಿ ಹಚ್ಚಿದ್ರ ಗುಳ್ಳಿ ಏಳ್ತಾವ. ಆ ಜಾಗ ಮೆಕ್ಯಾನಿಕ್ ತೋರಿಸಲಿ, ಆಮ್ಯಾಲ ರೊಕ್ಕದ ಮಾತು.

ತೋರಿಸಿದ್ರ ರಿಪೇರಿ ಮಾಡಿ, ವ್ಯಾಕ್ಯೂಮ್ ಪಂಪ್ ಹಚ್ಚಿ ಪೈಪಿನಾಗಿನ ಗಾಳಿ, ಪಸಿ ಎಲ್ಲಾ ಎಳೀಬೇಕು, ಆಮ್ಯಾಲ ತೂಕ ಮಾಡಿ ತುಂಬಬೇಕು. ಪೆಟ್ಟಿಗಿ ಮಗ್ಗಲ ಒಂದು ಸ್ಟಿಕರ್ ಅದ, ಅದರಾಗ ಯಾವ ಗ್ಯಾಸು, ಎಷ್ಟು ಗ್ರಾಂ ಅಂತ ಬರದಿರ್ತದ. ಈಗಿನ ಎಸಿಯಾಗ ಬಹಳ ಮಾಡಿ ಆರ್-32 ಇರ್ತದ, ಹಳೇವ್ರಾಗ ಆರ್-22. ಒಂದರ ಬದಲಿ ಇನ್ನೊಂದು ತುಂಬಂಗಿಲ್ಲ. ಆರ್-32ಗೆ ಸ್ವಲ್ಪ ಬೆಂಕಿ ಹತ್ತೂ ಗುಣ ಅದ, ಅದಕ್ಕ ಗ್ಯಾಸ್ ಹೊರಗ ಬಿಡದನ ಪೈಪಿಗೆ ಬೆಸುಗಿ ಹಾಕಾವ ಬಂದ್ರ ಮನಿ ಹೊರಗೇ ನಿಲ್ಲಸ್ರಿ.

ಆದ್ರ ಕಾಕು, ನನ್ನ ಕೇಳಿದ್ರ ನಿಮ್ಮ ಮನ್ಯಾಗ ಗ್ಯಾಸಿಗಿಂತ ಧೂಳಿನ ಮ್ಯಾಲೇ ನನಗ ಸಂಶಯ. ಹೊರಗ ಲೇಔಟಿನ ರಸ್ತಾ ಕೆಲಸ ನಡದದ ಅಂತ ನೀವೇ ಫೋಟೋ ಹಾಕಿದ್ರಿ. ಒಳಗಿನ ಮಷಿನ್ ಮುಂದಿನ ಮುಚ್ಚಳ ಎತ್ತಿದ್ರ ಎರಡು ಜಾಳಗಿ ಬರ್ತಾವ, ಅವೇ ಫಿಲ್ಟರ್. ಬೆಳಕಿಗೆ ಹಿಡದ್ರ ಆ ಕಡಿದು ಕಾಣ್ಬೇಕು. ಕಂಬಳಿ ಆಗಿರ್ತದ ನೋಡ್ರಿ! ನಳದ ನೀರಿನಾಗ ಹಿಂದಿನಿಂದ ತೊಳದು, ನೆರಳಾಗ ಒಣಗಿಸಿ ಹಾಕ್ರಿ, ಬಿಸಲಾಗ ಇಟ್ರ ಪ್ಲಾಸ್ಟಿಕ್ ಸೊಟ್ಟ ಆಗ್ತದ. ಬ್ಯಾಸಗ್ಯಾಗ ಎರಡು ವಾರಕ್ಕೊಮ್ಮೆ. ಗಾಳಿ ಹೋಗ್ಲಿಲ್ಲಂದ್ರ ಒಳಗಿನ ಕಾಯಿಲ್, ಅಂದ್ರ ಗ್ಯಾಸು ಸುತ್ತೂ ಪೈಪಿನ ಸುರುಳಿ, ಅದರ ಮ್ಯಾಲೂ ಬರ್ಫ್ ಕಟ್ತದ, ಮಂದಿ ಅದನ್ನೂ ಗ್ಯಾಸಿನ ಲೆಕ್ಕಕ್ಕ ಹಾಕ್ತಾರ. ಅದಕ್ಕ ಪೈಪ್ ನೋಡೂಕಿಂತ ಮೊದಲ ಫಿಲ್ಟರ್ ತೊಳೀರಿ.

ಹೊರಗಿನ ಪೆಟ್ಟಿಗಿದು ಇನ್ನೂ ದೊಡ್ಡ ಕಥಿ. ಕಾಕಾ ಅದರ ಮ್ಯಾಲ ಕಳ್ಳರ ಅಂಜಿಕಿಗೆ ತಗಡಿನ ಡಬ್ಬಿ ಮಾಡಿಸ್ಯಾರಲ್ಲ, ಮುಂದ ಒಂದು ಸಣ್ಣ ಜಾಳಗಿ ಬಿಟ್ಟು? ಕಾಕಾ ಬೈಬ್ಯಾಡ್ರಿ, ಆದ್ರ ಆ ಡಬ್ಬಿನೇ ನಿಮ್ಮ ಎಸಿ ಉಸಿರು ಹಿಡದದ. ಹೊರಗ ಚೆಲ್ಲಿದ ಬಿಸಿ ಗಾಳಿ ಡಬ್ಬಿಯೊಳಗೇ ತಿರುಗಿ ಮತ್ತ ಅದೇ ಕಾಯಿಲಿಗೆ ಹೋಗ್ತದ. ಕಲಬುರಗಿ ಮೇ ತಿಂಗಳ 42-43 ಡಿಗ್ರಿಯಾಗ ಅದಕ್ಕ ಮೊದಲೇ ಕಷ್ಟ. ಕಬ್ಬಿಣದ ಸಳಿ ಹಾಕಿಸ್ರಿ, ಮುಂದಿನ ಮುಖ ಪೂರ್ತಿ ತೆರದಿರಲಿ, ಮ್ಯಾಲ ನೆರಳಿಗೆ ಬೇಕಾದ್ರ ಒಂದು ತಗಡು ಎತ್ತರಕ್ಕ ಇರಲಿ. ಮೇನ್ ಸ್ವಿಚ್ ಬಂದ್ ಮಾಡಿ ಹಿಂದಿನ ಕಾಯಿಲಿಗೆ ಮೆಲ್ಲಕ ಪೈಪಿನ ನೀರು ಬಿಡಬಹುದು. ಜೋರಿನ ನೀರು ಬ್ಯಾಡ, ಅಲ್ಯೂಮಿನಿಯಂ ಪದರು ಕಾಗದದಂಗ ಮಡಚಿ ಹೋಗ್ತಾವ. ಅದರೊಳಗ ಕೈ ಮಾತ್ರ ಹಾಕಬ್ಯಾಡ್ರಿ, ಕೆಪಾಸಿಟರ್ ಅಂತ ಒಂದು ಡಬ್ಬಿ ಅದ, ಕರೆಂಟ್ ತಗದ ಮ್ಯಾಲೂ ಶಾಕ್ ಹೊಡೀತದ.

ಸಂಜಿಕ ಏಳರ ಮ್ಯಾಲ ಮಾತ್ರ ತಂಪ ಆಗೂದಿಲ್ಲ ಅಂತನೂ ಬರದೀರಿ. ಆ ಹೊತ್ತಿನಾಗ ಓಣಿ ಎಲ್ಲಾ ಎಸಿ ಹಚ್ತಾರ, ವೋಲ್ಟೇಜ್ ಇಳೀತದ, ಕಂಪ್ರೆಸರ್ ಏಳಂಗಿಲ್ಲ, ಒಳಗಿನ ಫ್ಯಾನ್ ಅಷ್ಟೇ ತಿರಗ್ತಿರ್ತದ. ಸ್ಟೆಬಿಲೈಜರಿನ ಮ್ಯಾಲ ಎಷ್ಟು ತೋರಸ್ತದ ನೋಡಿ ಹೇಳ್ರಿ. ಇನ್ನೊಂದು, ನಿಮ್ಮದು ಮ್ಯಾಲಿನ ಮಹಡಿ, ಕಾಂಕ್ರೀಟ್ ಛತ್ತು. ದಿನಾ ಪೂರ್ತಿ ಬಿಸಲು ಕುಡದು ರಾತ್ರಿ ರೂಮಿನಾಗ ಬಿಡ್ತದ. ನಮ್ಮ ಅಜ್ಜನ ಮನಿ ಮಣ್ಣಿನ ಮಾಳಿಗ್ಯಾಗ ಈ ತ್ರಾಸು ಇರ್ಲಿಲ್ಲ, ಗೋಡಿನೂ ದಪ್ಪ, ಮಾಳಿಗಿನೂ ದಪ್ಪ. ಈಗ ಮಾಡೂದೇನು? ಛತ್ತಿಗೆ ಬಿಳೇ ಸುಣ್ಣ ಹೊಡಸ್ರಿ, ಇಲ್ಲಾ ಬಿಸಲು ತಡಿಯೂ ಬಿಳೇ ಪೇಂಟ್. ಎಸಿ ರಿಪೇರಿಗಿಂತ ಅಗ್ಗ, ಫ್ಯಾನಿನ ಗಾಳಿ ಸುದ್ದಾ ತಂಪ ಅನಸ್ತದ.

ಇನ್ನ ಭಾವ ಮಂಗಳೂರಿನಿಂದ ‘ಕೂಲರ್ ದಂಡ, ನಮ್ಮ ಮನ್ಯಾಗ ಮೂಲ್ಯಾಗ ಬಿದ್ದದ’ ಅಂತ ಬರದಾರ. ಭಾವ, ನಿಮ್ಮ ಊರಿಗೆ ನೀವು ಹೇಳಿದ್ದು ಖರೆ. ಕೂಲರ್ ತಂಪ ಮಾಡೂದು ನೀರು ಆರಿಸಿ. ಕಲಬುರಗ್ಯಾಗ 42 ಡಿಗ್ರಿ, ಗಾಳಿಯಾಗ ಪಸಿ ನೂರಕ್ಕ ಇಪ್ಪತ್ತು ಇದ್ದಾಗ ಛಲೋ ಕೂಲರಿನಿಂದ 28ರ ಆಸುಪಾಸು ಗಾಳಿ ಬರ್ತದ. ಮಂಗಳೂರಾಗ ಗಾಳಿನೇ ಒದ್ದಿ, ನೀರು ಆರೂದು ಎಲ್ಲಿಂದ? ಮೂರ್ನಾಲ್ಕು ಡಿಗ್ರಿ ಇಳದ್ರ ಹೆಚ್ಚು, ಮ್ಯಾಲ ಹಾಸಿಗಿ ಎಲ್ಲಾ ಜಿಗಟ. ಹಂಗಾಗಿ ಕಾಕು, ಹಾಲ್‌ಗೆ ಕೂಲರ್ ತಗೊಳ್ರಿ, ಆದ್ರ ಎದುರಿನ ಕಿಡಕಿ ತೆರೀರಿ, ಒದ್ದಿ ಗಾಳಿ ಹೊರಗ ಹೋಗಬೇಕು. ವೈನಿ ಕೇಳಿದ್ರು, ಎಸಿ ಕೂಲರ್ ಎರಡೂ ಕೂಡಿ ಹಚ್ಚಿದ್ರ ಇನ್ನೂ ತಂಪ ಆಗ್ತದೇನು ಅಂತ. ಇಲ್ಲ ವೈನಿ, ಕೂಲರ್ ಹಾಕಿದ ಪಸಿ ಎಸಿ ಕುಂತು ತಗೀಬೇಕಾಗ್ತದ, ರೊಕ್ಕ ನೀರಿನಾಗ. ಬೋರ್ ನೀರಿಗೆ ಕೂಲರಿನ ಜಾಳಿ ಮ್ಯಾಲ ಬೆಳ್ಳನ ಉಪ್ಪು ಕಟ್ತದ, ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ ತಿಕ್ಕಿ ತೊಳೀರಿ, ಡೆಂಗಿ ಸೊಳ್ಳಿ ಮೊಟ್ಟಿ ಇಡೂದೂ ಅಂಥಾ ನಿಂತ ನೀರಾಗೇ. ಮತ್ತ ನೀರು ಹಾಕೂ ಮುಂದ ಪ್ಲಗ್ ತಗೀರಿ. ಸ್ವಿಚ್ ಬಂದ್ ಮಾಡಿದ್ರ ಸಾಲಂಗಿಲ್ಲ, ಪ್ಲಗ್ಗೇ ತಗೀರಿ. ತಗಡಿನ ಕೂಲರಿಗೆ ಅರ್ಥಿಂಗ್ ಇಲ್ಲದ ಶಾಕ್ ಹೊಡದು ಮಂದಿ ಸತ್ತಾರ. ಮನ್ಯಾಗ ಸಣ್ಣ ಹುಡುಗರು ಅವ.

ಬಿಲ್ಲಿನ ಮಾತಿಗೆ ಬಂದ್ರ, ಒಂದೂವರೆ ಟನ್ ಎಸಿ ಪೂರ್ತಿ ಜೋರಿನಿಂದ ಓಡಿದ್ರ ತಾಸಿಗೆ ಒಂದೂವರೆ ಯೂನಿಟ್ ಸಮೀಪ ಎಳೀತದ. ಕೂಲರ್ ಐದಾರು ತಾಸಿಗೆ ಒಂದು ಯೂನಿಟ್. ಗೃಹಜ್ಯೋತಿಯಾಗ ತಿಂಗಳಿಗೆ 200 ಯೂನಿಟ್ ದಾಟಿದ್ರ ಪೂರ್ತಿ ಬಿಲ್ ನಿಮ್ಮ ಕೊರಳಿಗೇ ಬರ್ತದ, ಅದಕ್ಕ ಮಧ್ಯಾಹ್ನ ಕೂಲರ್, ರಾತ್ರಿ ಮಲಗೂ ರೂಮಿಗಷ್ಟೇ ಎಸಿ. 18ಕ್ಕ ಇಟ್ರ ಬೇಗ ತಂಪ ಆಗ್ತದ ಅನ್ನೂದು ಸುಳ್ಳ, ಹೆಚ್ಚು ಹೊತ್ತು ಓಡ್ತದ ಅಷ್ಟೇ. 2020ರಿಂದ ಹೊಸ ಎಸಿ ಎಲ್ಲಾ ಹಚ್ಚಿದ ಕೂಡಲೇ 24ಕ್ಕ ಬರೂಹಂಗ ಸರಕಾರದ ನಿಯಮ ಅದ, ಒಂದೊಂದು ಡಿಗ್ರಿ ಏರಿಸಿದ್ರ ನೂರಕ್ಕ ಆರರ ತನಕ ಕರೆಂಟ್ ಉಳೀತದ ಅಂತ ಲೆಕ್ಕ. 26ಕ್ಕ ಇಟ್ಟು ಮ್ಯಾಲ ಫ್ಯಾನ್ ಹಚ್ಚಿ ನೋಡ್ರಿ.

ಈಗ ಇವತ್ತು ಸಂಜಿಕ ಫಿಲ್ಟರ್ ತೊಳದು, ಕಾಕಾಗ ಹೇಳಿ ಆ ಡಬ್ಬಿ ಮುಂದಿನ ತಗಡು ತಗಸ್ರಿ. ಅಷ್ಟಕ್ಕೇ ತಂಪ ಬಂದ್ರ ಮೆಕ್ಯಾನಿಕ್‌ಗೆ ಬರಬ್ಯಾಡ ಅಂತ ಹೇಳಿಬಿಡ್ರಿ. ಬರ್ಲಿಲ್ಲಂದ್ರ ಆ ಸ್ಟಿಕರಿಂದೊಂದು, ನಟ್ ಇದ್ದ ಜಾಗದ್ದೊಂದು ಫೋಟೋ ನನಗ ಹಾಕ್ರಿ, ಅವ ಬಂದಾಗ ಸ್ಪೀಕರ್ ಹಚ್ಚಿ ನನಗ ಫೋನ್ ಕೊಡ್ರಿ, ನಾನೇ ಮಾತಾಡ್ತೀನಿ. ಅಂದಂಗ ಬಿಲ್ಲು, ವಾರಂಟಿ ಕಾರ್ಡು ಎಲ್ಲಿಟ್ಟೀರಿ ಹುಡುಕ್ರಿ, ಕಂಪ್ರೆಸರಿಂದು, ಕಾಯಿಲಿಂದು ಬ್ಯಾರೆ ಬ್ಯಾರೆ ವಾರಂಟಿ ಇರ್ತದ.